ಮೇಲಿನ ಮನೆಯ ಆನೆಕಿವಿ

ಮಾರ್ಚ್ ೩

ಮೇಲಿನ ಮನೆಯವಳಿಗೆ,

ಮೊದಲೇ ಹೇಳಿಬಿಡ್ತೀನಿ, ಇದು ಮಾತಲ್ಲ, ಕಾಗದ. ತಮ್ಮ ತೀರಿಕೊಂಡ ದಿನ ನೀನು ಅಂದ ಮಾತಿಗೆ ನಾನು ನಿನ್ನ ಜೊತೆ ಮಾತು ಬಿಟ್ಟವಳು. ಇವತ್ತಿಗೂ ಬಿಟ್ಟೇ ಇದ್ದೀನಿ. ಎರಡು ವರ್ಷದಿಂದ ಮೆಟ್ಟಿಲ ಮೇಲೆ ಎದುರಾದಾಗ ನೀನು ಗೋಡೆ ನೋಡ್ತೀಯ, ನಾನು ನನ್ನ ಚಪ್ಪಲಿ ನೋಡಿಕೊಳ್ತೀನಿ. ಹಾಗೇ ನಡೀಲಿ, ನನಗೇನೂ ತೊಂದರೆ ಇಲ್ಲ. ಆದರೆ ನಿನ್ನ ಕುಂಡದ ನೀರು ಮಾತು ಬಿಟ್ಟಿಲ್ಲ. ದಿನಾ ಬೆಳಗ್ಗೆ ತಪ್ಪದೆ ನನ್ನ ಬಾಲ್ಕನಿಗೆ ಇಳಿದು ಬರ್ತಿದೆ.

ನಿನ್ನೆ ಒಗೆದು ಕಂಬಿ ಮೇಲೆ ಹರವಿದ್ದ ಎರಡು ಬಿಳಿ ಚಾದರದ ತುಂಬಾ ಟೀ ಬಣ್ಣದ ಚುಕ್ಕೆ. ಹೋಟೆಲ್ಲಿನ ಲಾಂಡ್ರಿಯಲ್ಲಿ ಜೀವಮಾನ ಸವೆಸಿದವಳು ನಾನು. ರಕ್ತದ ಕಲೆ, ಶಾಯಿ ಕಲೆ, ಲಿಪ್‌ಸ್ಟಿಕ್ ಕಲೆ, ಹೇಳೋಕೆ ಬಾರದ ಕಲೆ, ಎಲ್ಲಾ ತೆಗೆದಿದ್ದೀನಿ. ಮಣ್ಣಿನ ಕಲೆ ಮಾತ್ರ ಒದ್ದೆಯಲ್ಲಿ ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತೆ. ಒಣಗಲಿ ಅಂತ ಸುಮ್ಮನೆ ಕಾಯಬೇಕು. ಸುಮ್ಮನೆ ಕಾಯೋದು ನನಗೆ ಆಗಿಬರೋಲ್ಲ ಅಂತ ನಿನಗೆ ಗೊತ್ತು.

ಮೇಲೆ ಏನಿಟ್ಟಿದ್ದಾಳೆ ಇವಳು ಅಂತ ಮೆಟ್ಟಿಲು ಗುಡಿಸುವವಳನ್ನ ಕೇಳಿದೆ. ಮೂರು ದೊಡ್ಡ ಕುಂಡ ಇದೆ, ಒಂದೊಂದು ಎಲೆ ಮೊರದಗಲ ಇದೆ, ಆನೆಕಿವಿ ಗಿಡ ಅಂತಾರೆ ಅಂದಳು. ಅಷ್ಟಗಲ ಕಿವಿ ಇದ್ದ ಮೇಲೆ ನಿನ್ನೆ ನಾನು ಕೂಗಿದ್ದು ಅದಕ್ಕಾದರೂ ಕೇಳಿಸಿರಬೇಕು.

ಇದಕ್ಕೊಂದು ದಾರಿ ಮಾಡು. ಏನಾದರೂ ಹೇಳೋದಿದ್ದರೆ ಬರೆದು ಗುಡಿಸುವವಳ ಕೈಲಿ ಕಳಿಸು. ಕೆಳಗೆ ಬರಬೇಡ.

ಎರಡನೇ ಮಹಡಿ


ಮಾರ್ಚ್ ೪

ಅಕ್ಕನಿಗೆ,

ನಿನ್ನ ಅಕ್ಷರ ನೋಡಿ ಎಷ್ಟು ಕಾಲವಾಯಿತು. ಮೊದಲು ಕಾಗದವನ್ನು ಸುಮ್ಮನೆ ಹಿಡಿದುಕೊಂಡು ಕೂತೆ, ಆಮೇಲೆ ಓದಿದೆ.

ಚಾದರದ ವಿಷಯ ತಿಳಿದು ಬೇಜಾರಾಯಿತು. ಕುಂಡದ ತಳದಲ್ಲಿ ತೂತು ಇರಲೇಬೇಕು, ಅಕ್ಕ. ಈ ಗಿಡಕ್ಕೆ ನೀರು ಬಹಳ ಬೇಕು, ಹಾಗೇ ಹಾಕಿದ ನೀರು ಬೇಗ ಹೊರಗೆ ಹೋಗಲೂ ಬೇಕು. ಮಣ್ಣಿನಲ್ಲಿ ನಿಂತರೆ ಗಡ್ಡೆ ಕೊಳೆಯುತ್ತದೆ. ಕೆಳಗೆ ತಟ್ಟೆ ಇಟ್ಟು ನೋಡಿದೆ. ಅದರಲ್ಲಿ ನೀರು ನಿಂತು ಸೊಳ್ಳೆಗಳಾದವು. ಇನ್ನು ಮೇಲೆ ನೀನು ಬಟ್ಟೆ ತೆಗೆದ ನಂತರ ನೀರು ಹಾಕುತ್ತೇನೆ. ಎಷ್ಟು ಹೊತ್ತಿಗೆ ತೆಗೆಯುತ್ತೀಯ ಎಂದು ಬರೆದರೆ ಸಾಕು.

ಈ ವಯಸ್ಸಿನಲ್ಲಿ ಗಿಡದ ಹುಚ್ಚು ಯಾಕೆ ಎಂದು ನೀನು ಕೇಳಿಲ್ಲ. ಕೇಳಿದ್ದರೆ, ಮನೆಯೊಳಗೆ ನಿನ್ನೆ ಇದ್ದ ಹಾಗೆ ಇವತ್ತು ಇಲ್ಲದಿರುವುದು ಏನಾದರೂ ಒಂದಿರಲಿ ಎಂದು ತಂದೆ ಅನ್ನುತ್ತಿದ್ದೆ. ಹೊಸ ಎಲೆ ಸುರುಳಿಯಾಗಿ ಬರುತ್ತದೆ. ಅದು ಬಿಚ್ಚಿಕೊಳ್ಳುವುದನ್ನು ನೋಡುತ್ತಾ ಟೀ ಕುಡಿಯುತ್ತೇನೆ. ಟೀ ಆರಿಹೋಗುತ್ತದೆ, ಎಲೆ ಇನ್ನೂ ಅರ್ಧ ಸುರುಳಿಯಲ್ಲೇ ಇರುತ್ತದೆ.

ಮಂಡಿ ನೋವು ಹೇಗಿದೆ?

ನಿನ್ನ ತಂಗಿ


ಮಾರ್ಚ್ ೫

ಮೇಲಿನ ಮನೆಯವಳಿಗೆ,

ಮಂಡಿ ನನ್ನದು, ನಾನು ನೋಡಿಕೊಳ್ತೀನಿ.

ಬಟ್ಟೆ ತೆಗೆಯೋ ಹೊತ್ತು ನಿನಗೆ ಬರೆದು ತಿಳಿಸಬೇಕಾ? ಮೋಡ ಕವಿದರೆ ಬೇಗ ತೆಗೀತೀನಿ, ಬಿಸಿಲಿದ್ದರೆ ಬಿಡ್ತೀನಿ, ನಿದ್ದೆ ಬಂದರೆ ಮರೆತೇ ಹೋಗುತ್ತೆ. ನಿನ್ನ ಗಿಡದ ಟೈಮ್‌ಟೇಬಲ್ಲು ನೋಡಿಕೊಂಡು ಚಾದರ ಒಣಗಿಸೋಕೆ ನನ್ನಿಂದಾಗೋಲ್ಲ.

ತೂತು ಮುಚ್ಚು. ಸಿಮೆಂಟು ಹಾಕ್ತೀಯೋ, ಮೇಣ ಹಾಕ್ತೀಯೋ, ಅಂಟು ಬಳೀತೀಯೋ ನನಗೆ ಬೇಕಿಲ್ಲ. ಬಕೀಟಿಗೆ ತೂತಿರುತ್ತಾ? ಕೊಡಕ್ಕೆ ಇರುತ್ತಾ? ಲಾಂಡ್ರಿಯಲ್ಲಿ ಒಂದು ತೊಟ್ಟಿ ಸೋರಿದರೆ ಇಡೀ ಪಾಳಿ ನಿಲ್ಲುತ್ತಿತ್ತು. ನೀರು ಇರಬೇಕಾದ್ದು ಪಾತ್ರೆಯೊಳಗೆ. ನೀನು ಕಾಲೇಜು ಮೆಟ್ಟಿಲು ಹತ್ತಿದವಳು, ಇಷ್ಟು ಗೊತ್ತಾಗಲ್ವಾ?

ಇನ್ನೊಂದು. ಗುಡಿಸುವವಳಿಗೆ ಪೊಗರು ಹೆಚ್ಚಾಗಿದೆ. ಒಂದು ಮಹಡಿಗೆ ಒಬ್ಬ ಪೋಸ್ಟ್‌ಮ್ಯಾನಾ ಅಮ್ಮಾ, ನನಗೂ ಒಂದು ಟೋಪಿ ಕೊಡಿಸಿ ಅಂದಳು. ನೀನು ನಕ್ಕು ನಕ್ಕು ಅವಳನ್ನ ತಲೆ ಮೇಲೆ ಕೂರಿಸಿದ್ದೀಯ.

ಎರಡನೇ ಮಹಡಿ


ಮಾರ್ಚ್ ೧೯

ಅಕ್ಕನಿಗೆ,

ಮುಚ್ಚಿದ್ದೇನೆ. ಪೈಪು ಜೋಡಿಸುವ ಅಂಟನ್ನು ಹಾರ್ಡ್‌ವೇರ್ ಅಂಗಡಿಯಿಂದ ತರಿಸಿ ಮೂರು ಕುಂಡಕ್ಕೂ ತುಂಬಿಸಿದೆ. ಇನ್ನು ಒಂದು ಹನಿಯೂ ಕೆಳಗೆ ಬರುವುದಿಲ್ಲ.

ತಂಗಿ


ಮೇ ೮

ಮೇಲಿನ ಮನೆಯವಳಿಗೆ,

ಹನಿ ನಿಂತಿತು. ಚಾದರ ಬೆಳ್ಳಗಿದೆ. ಅದನ್ನ ಹೇಳೋಕೆ ಕಾಗದ ಬೇಕಿರಲಿಲ್ಲ, ಇದು ಬೇರೆ ವಿಷಯ.

ಮೊದಲು ಬೆಳಗ್ಗೆ ಎದ್ದರೆ ನನ್ನ ಕಂಬಿ ಮೇಲೆ ಟಪ್ ಟಪ್ ಅಂತಿತ್ತು. ಸಿಟ್ಟು ಬರ್ತಿತ್ತು ನಿಜ, ಆದರೆ ಇವಳು ಎದ್ದಳು ಅಂತ ಗೊತ್ತಾಗ್ತಿತ್ತು. ಈಗ ನೀನು ಎದ್ದೆಯೋ ಇಲ್ಲವೋ ಆ ದೇವರಿಗೇ ಗೊತ್ತು. ನೀನು ಹುಟ್ಟಿದಾಗಿಂದ ಬೆಕ್ಕಿನ ಹಾಗೆ ನಡೆಯೋಳು. ಮೊನ್ನೆ ಬೆಳಗ್ಗೆ ಮೇಲೆ ಒಂದು ಸದ್ದಿರಲಿಲ್ಲ. ಕುರ್ಚಿ ಎಳೀಲಿಲ್ಲ, ನಲ್ಲಿ ತಿರುಗಿಸಲಿಲ್ಲ, ರೇಡಿಯೋ ಇಲ್ಲ. ಪೊರಕೆ ಹಿಡಿಯಿಂದ ಛಾವಣಿಗೆ ಕುಟ್ಟಿದೆ. ಸುಣ್ಣ ಉದುರಿ ನನ್ನ ಕಣ್ಣಿಗೇ ಬಿತ್ತು. ಮಧ್ಯಾಹ್ನ ಗುಡಿಸುವವಳು ಬಂದು, ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾರಲ್ಲ ಅಂದಳು. ಹೊರಗೆ ಹೋಗೋವಾಗ ಹೇಳಿ ಹೋಗಬೇಕು ಅನ್ನೋ ಬುದ್ಧಿ ಬೇಡ್ವಾ? ಮಾತು ಬಿಟ್ಟಿದ್ದರೆ ಏನಾಯ್ತು, ಅವಳ ಬಾಯಲ್ಲಿ ಹೇಳಿ ಕಳಿಸೋಕೆ ಏನು ದಾಡಿ?

ಅವಳು ಇನ್ನೊಂದೂ ಹೇಳಿದಳು. ನಿನ್ನ ಗಿಡ ಹಳದಿ ತಿರುಗಿದೆಯಂತೆ. ಕುಂಡದ ಹತ್ತಿರ ಮೋರಿ ವಾಸನೆಯಂತೆ. ಅದೇನಾಗಿದೆ ನೋಡು.

ಕೆಳಗಿನ ಮನೆ


ಮೇ ೯

ಅಕ್ಕ,

ನೋಡಿದೆ. ಇವತ್ತು ಮೂರನ್ನೂ ಕಿತ್ತೆ.

ಮೊದಲನೆಯದರ ಗಡ್ಡೆಗೆ ಬೆರಳಿಟ್ಟರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಬೇರುಗಳು ಕಪ್ಪಾಗಿ ನೆನೆದ ದಾರದ ಹಾಗೆ ಕೈಗೆ ಬಂದವು. ಎರಡನೆಯದೂ ಹಾಗೇ. ಮೂರನೆಯದರ ದೊಡ್ಡ ಗಡ್ಡೆ ಹೋಗಿದೆ, ಪಕ್ಕದಲ್ಲಿ ಅಂಟಿಕೊಂಡಿದ್ದ ಒಂದು ಮರಿಗಡ್ಡೆ ಮಾತ್ರ ಗಟ್ಟಿಯಾಗಿದೆ. ಅದನ್ನು ಬಿಡಿಸಿ ಒರೆಸಿ ಕಾಗದದ ಮೇಲೆ ಇಟ್ಟಿದ್ದೇನೆ.

ಕೆಲವು ವಾರಗಳಿಂದ ಬೆಳಗಾದರೆ ಎಲೆಗಳ ತುದಿಯಲ್ಲಿ ನೀರಿನ ಹನಿ ನಿಲ್ಲುತ್ತಿತ್ತು. ತಳದಿಂದ ಹೋಗಲಾರದ ನೀರನ್ನು ಗಿಡ ಎಲೆಯ ತುದಿಯಿಂದಾದರೂ ಹೊರಗೆ ಹಾಕಲು ನೋಡುತ್ತಿತ್ತು ಎಂದು ಈಗ ಅನಿಸುತ್ತದೆ. ಆ ಹನಿ ನಿನ್ನ ಬಟ್ಟೆಯ ಮೇಲೆ ಬೀಳದಿರಲಿ ಎಂದು ನಾನು ದಿನಾ ಕರ್ಚೀಫಿನಲ್ಲಿ ಒಂದೊಂದೇ ಎಲೆ ಒರೆಸಿದೆ.

ಹೀಗಾಗುತ್ತದೆ ಎಂದು ಗೊತ್ತಿಲ್ಲದೆ ಇರಲಿಲ್ಲ. ನೀನು ಹೇಳಿದ ಮೇಲೆ ಮಾಡದೆ ಇರುವುದು ನನಗೆ ಬರುವುದಿಲ್ಲ ಅಕ್ಕ. ಚಿಕ್ಕಂದಿನಲ್ಲಿ ಬರಲಿಲ್ಲ, ಇನ್ನು ಬರುವ ಹಾಗೂ ಇಲ್ಲ.

ಛಾವಣಿಗೆ ಕುಟ್ಟಿದ್ದು ಕೇಳಿಸಲಿಲ್ಲ, ನಾನು ಇರಲಿಲ್ಲವಲ್ಲ. ಇರುವಾಗ ಒಮ್ಮೆ ಕುಟ್ಟು.

ತಂಗಿ


ಮೇ ೧೦

ಏನೇ,

ಗೊತ್ತಿದ್ದೂ ಮುಚ್ಚಿದೆಯಾ? ನಿನ್ನ ಕಾಗದ ಓದಿ ಮೈಯೆಲ್ಲಾ ಉರಿದುಹೋಯ್ತು. ನಿನಗೆ ತಲೆ ನರೆತಿದೆ, ಮಗಳಿಗೆ ಮದುವೆ ಮಾಡಿದ್ದೀಯ, ಗಂಡನನ್ನ ಕಳಕೊಂಡು ಒಬ್ಬಳೇ ಬದುಕ್ತಿದ್ದೀಯ. ಅಕ್ಕಾ, ಮುಚ್ಚಿದರೆ ಗಿಡ ಸಾಯುತ್ತೆ, ಮುಚ್ಚೋಲ್ಲ, ಏನು ಮಾಡ್ಕೊಳ್ತೀಯೋ ಮಾಡ್ಕೋ ಅಂತ ನಾಲ್ಕು ಸಾಲು ಬರೆಯೋಕೆ ಆಗಲಿಲ್ವಾ? ಬರೆದಿದ್ದರೆ ಬಯ್ತಿದ್ದೆ. ಬಯ್ದು ಸುಮ್ಮನಾಗ್ತಿದ್ದೆ. ನನ್ನ ಬಯ್ಗುಳಕ್ಕೆ ಇದುವರೆಗೂ ಯಾರ ಗಡ್ಡೆಯೂ ಕೊಳೆತಿಲ್ಲ.

ಈಗ ಹೇಳೋದು ಕೇಳು. ಉಳಿದ ಆ ಮರಿಗೆ ಒಂದು ಕುಂಡಕ್ಕೆ ತೂತು ಮಾಡು. ಒಂದಲ್ಲ, ನಾಲ್ಕು. ಬೇಕಾದಷ್ಟು ನೀರು ಹಾಕು. ನನ್ನ ಬಾಲ್ಕನಿಯ ತಲೆ ಮೇಲೆ, ಮಳೆನೀರು ಇಳಿಸೋಕೆ ಹಾಕ್ತಾರಲ್ಲ, ಅಂಥ ತಗಡಿನ ದೋಣಿ ಕಟ್ಟಿಸಿದ್ದೀನಿ. ನಿನ್ನ ನೀರು ಅದರಲ್ಲಿ ಬಿದ್ದು ಮೂಲೆಯ ಬಕೀಟಿಗೆ ಇಳಿಯುತ್ತೆ. ಆ ನೀರಲ್ಲಿ ನಾನು ನೆಲ ಒರೆಸ್ತೀನಿ. ಚಾದರ ಇನ್ನು ಒಳಗೇ ಒಣಗುತ್ತೆ.

ತಗಡು ಕಟ್ಟೋಕೆ ಬಂದವನು ಬಹಳ ಬುದ್ಧಿವಂತ. ಇಷ್ಟೆಲ್ಲಾ ಯಾಕೆ, ಮೇಲಿನವರಿಗೆ ಹೇಳಿ ತೂತು ಮುಚ್ಚಿಸಬಹುದಲ್ಲ ಅಂದ. ನಿನ್ನ ಕೆಲಸ ಎಷ್ಟೋ ಅಷ್ಟು ಮಾಡಿ ಇಳಿ ಅಂದೆ.

ಛಾವಣಿ ಕುಟ್ಟೋಕೆ ನನಗೇನು ಹುಚ್ಚಾ?

ಕೆಳಗಿನ ಮನೆ


ಜೂನ್ ೧೬

ಅಕ್ಕನಿಗೆ,

ನಿನಗೆ ವರದಿ ಒಪ್ಪಿಸಬೇಕು.

ಮೊಳೆಯನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ ಕುಂಡಕ್ಕೆ ನಾಲ್ಕು ತೂತು ಹಾಕಿದೆ. ಮಣ್ಣು ಕೊಚ್ಚಿಕೊಂಡು ಹೋಗದ ಹಾಗೆ ತೂತುಗಳ ಮೇಲೆ ಒಂದೊಂದು ಒಡೆದ ಹಂಚಿನ ಚೂರು ಕವುಚಿದೆ. ಬರೀ ಮಣ್ಣಾದರೆ ಗಟ್ಟಿಯಾಗಿ ಕೂರುತ್ತದೆ ಎಂದು ಮರಳು, ಕೊಳೆತ ಎಲೆ, ತೆಂಗಿನ ನಾರು ಬೆರೆಸಿದೆ. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಇಟ್ಟೆ. ಇಟ್ಟಿಗೆಯ ನಡುವೆ ಕೈ ಹಾಕಿದರೆ ಗಾಳಿ ಆಡುವುದು ತಿಳಿಯುತ್ತದೆ. ಎರಡನೇ ವಾರ ಮೊನಚಾದ ಮೊಳಕೆ ಬಂತು. ಈಗ ಒಂದು ಎಲೆ, ನನ್ನ ಅಂಗೈಯಷ್ಟು.

ಮೊದಲ ದಿನ ನೀರು ಹಾಕಿ ಕಂಬಿಗೆ ಒರಗಿ ನಿಂತೆ. ತಗಡಿನ ಮೇಲೆ ಹನಿ ಬಿದ್ದಿದ್ದು ಕೇಳಿಸಿತು. ಆಮೇಲೆ ಅದು ನಿನ್ನ ಬಕೀಟಿಗೆ ಇಳಿದಿದ್ದು. ಆಮೇಲೆ ನೀನು ಹಾಲಿನವನಿಗೆ ಬಯ್ದಿದ್ದು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬಾ ತಿಂಡಿ ತಿಂದೆ.

ಇನ್ನೊಂದು ವಿಷಯ. ಮೊನ್ನೆ ಮಗಳು ಬಂದಿದ್ದಳು, ಬೂದು ಬಣ್ಣದ ಕಾರು ನೋಡಿರಬೇಕು ನೀನು. ಅವಳ ಊರಿನಲ್ಲಿ ದೊಡ್ಡ ಮನೆ ಮಾಡಿದ್ದಾರೆ. ನನಗೆ ಅಂತಲೇ ಕೆಳಗೊಂದು ಕೋಣೆ ಇದೆ. ಮೂರು ಮಹಡಿ ಹತ್ತಿ ಇಳಿದದ್ದು ಸಾಕಮ್ಮ, ಬಿದ್ದರೆ ನೋಡುವವರು ಯಾರು, ಬಂದುಬಿಡು ಅನ್ನುತ್ತಾಳೆ. ಹೋಗುವುದಾದರೆ ಈ ಮನೆಯ ಓನರಿಗೆ ಮೊದಲೇ ತಿಳಿಸಬೇಕು. ಬಿಟ್ಟುಕೊಟ್ಟರೆ ಮತ್ತೆ ಸಿಗುವ ಮನೆಯಲ್ಲ. ನಾನು ಇನ್ನೂ ಯಾರಿಗೂ ಏನೂ ಹೇಳಿಲ್ಲ.

ನೀನು ಏನು ಹೇಳುತ್ತೀಯ?

ನಿನ್ನ ತಂಗಿ


ಜುಲೈ ೭

ತಂಗೀ,

ಉತ್ತರ ತಡವಾಯ್ತು. ಬರೆದೆ, ಹರಿದೆ. ಮತ್ತೆ ಬರೆದೆ, ಹರಿದೆ. ಮನೇಲಿದ್ದ ಕಾಗದ ಮುಗಿದು ಇದು ಕ್ಯಾಲೆಂಡರಿನ ಹಿಂಭಾಗ.

ನೀನು ಕೇಳಿದ್ದಕ್ಕೆ ನಾನು ಏನೂ ಹೇಳೋಲ್ಲ.

ಯಾಕೆ ಅಂತ ಹೇಳ್ತೀನಿ. ಅಮ್ಮ ಹೋದ ಮೇಲೆ ನಾನು ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದೆ. ನೀವಿಬ್ಬರು ಚಿಕ್ಕವರು. ಏಳು, ತೊಳಕೋ, ತಿನ್ನು, ಓದು, ಮಲಕ್ಕೋ. ದಿನವಿಡೀ ಹೇಳದೆ ಇದ್ದಿದ್ದರೆ ಮನೆ ನಡೀತಿತ್ತಾ? ಹೇಳಿ ಹೇಳಿ ಬಾಯಿ ಹಾಗೇ ಆಯ್ತು. ಆಮೇಲೆ ತಮ್ಮನಿಗೆ ಲಾರಿ ಬೇಡ ಅಂದೆ, ಆ ಸ್ನೇಹಿತರು ಬೇಡ ಅಂದೆ, ಕುಡಿದು ನನ್ನ ಹೊಸಲು ತುಳೀಬೇಡ ಅಂದೆ. ಈಗಲೂ ಅಂತೀನಿ, ಅದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ಅವನು ತುಳೀಲಿಲ್ಲ. ನಿನ್ನ ಮನೆಗೆ ಬರ್ತಿದ್ದ. ನನ್ನ ಬಾಗಿಲು ದಾಟೋವಾಗ ಚಪ್ಪಲಿ ಕೈಲಿ ಹಿಡಕೊಂಡು ಹತ್ತುತ್ತಿದ್ದ. ನನಗೆ ಗೊತ್ತಾಗೋಲ್ಲ ಅಂದುಕೊಂಡಿದ್ದಿರಿ ಇಬ್ಬರೂ. ಅಂಥಾ ದಿನ ನಾನು ಒಳಗೆ ಬೀಗದ ಕೈ ಕೂಡ ಅಲ್ಲಾಡಿಸ್ತಿರಲಿಲ್ಲ.

ಅವನು ತೀರಿಕೊಂಡ ದಿನ ಆಸ್ಪತ್ರೆಯ ವರಾಂಡದಲ್ಲಿ ಅಷ್ಟು ಜನರ ಮುಂದೆ ನೀನಂದೆ: "ನಿನ್ನ ಬಾಯಿಗೆ ಹೆದರಿ ಅಣ್ಣ ಸಾಯೋವರೆಗೂ ನಿನ್ನ ಮನೆಗೆ ಕಾಲಿಡಲಿಲ್ಲ."

ಅದರ ಮೇಲೆ ನಾನು ಮಾತಾಡಿಲ್ಲ, ಈಗಲೂ ಮಾತಾಡೋಲ್ಲ. ಆದರೆ ಹೇಳಿ ಹೇಳಿ ಅವನನ್ನ ದೂರ ಮಾಡಿಕೊಂಡೆ. ನೀನು ತೂತು ಮುಚ್ಚಿದ್ದನ್ನೂ ನೋಡಿದೆ. ಇನ್ನು ಸಾಕು. ಹೋಗೋದು ಇರೋದು ನಿನ್ನಿಷ್ಟ. ನಾನು ಬಾಯಿ ಹಾಕೋಲ್ಲ.

ಎಲೆ ಎಷ್ಟು ಬಂತು?

ಕೆಳಗಿನ ಮನೆ


ಆಗಸ್ಟ್ ೨೮

ಅಕ್ಕನಿಗೆ,

ನಾಳೆ ಬೆಳಗ್ಗೆ ಹೊರಡುತ್ತೇನೆ. ಸಾಮಾನೆಲ್ಲ ಹೋಯಿತು, ಈಗ ಇರುವುದು ನಾನು, ಒಂದು ಚೀಲ, ಈ ಕುಂಡ. ಕಾರಿನಲ್ಲಿ ಇದಕ್ಕೆ ಜಾಗವಿಲ್ಲ. ಗುಡಿಸುವವಳ ಕೈಯಲ್ಲಿ ನಿನ್ನ ಬಾಗಿಲ ಹೊರಗೆ ಇಡಿಸುತ್ತೇನೆ. ಬೇಡವಾದರೆ ಅವಳು ತೆಗೆದುಕೊಳ್ಳುತ್ತಾಳಂತೆ.

ಇಟ್ಟುಕೊಳ್ಳುವುದಾದರೆ, ಸುಡುವ ಬಿಸಿಲಿಗೆ ಇಡಬೇಡ, ನಿನ್ನ ಬಾಲ್ಕನಿಯ ನೆರಳು ಸಾಕು. ತೋರುಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಮಣ್ಣಿಗೆ ಹಾಕಿ ನೋಡು. ಅಲ್ಲಿ ಒಣಗಿದ್ದರೆ ಮಾತ್ರ ನೀರು. ಹಾಕಿದರೆ ತಳದಿಂದ ಹರಿಯುವಷ್ಟು ಹಾಕು, ಸ್ವಲ್ಪ ಸ್ವಲ್ಪ ಬೇಡ. ಇಟ್ಟಿಗೆ ಎರಡೂ ಕಳಿಸಿದ್ದೇನೆ. ಎಲೆ ಮುರಿದರೆ ಬರುವ ರಸ ತುರಿಸುತ್ತದೆ, ಕೈ ತೊಳೆದುಕೋ. ಚಳಿಗಾಲದಲ್ಲಿ ಎಲೆಗಳು ಒಂದೊಂದಾಗಿ ಬಾಡಿ ಬರೀ ಮಣ್ಣು ಉಳಿಯುತ್ತದೆ. ಸತ್ತಿತು ಎಂದು ಎಸೆಯಬೇಡ. ಆಗ ನೀರು ಕಡಿಮೆ ಮಾಡಿ ಒಳಗೆ ಬೆಚ್ಚಗಿನ ಮೂಲೆಯಲ್ಲಿ ಇಡು.

ನಾನು ಹೊರಡುವಾಗ ನಿನ್ನ ಬಾಗಿಲ ಮುಂದೆಯೇ ಇಳಿದು ಹೋಗಬೇಕು. ಏನಾದರೂ ಹೇಳುವುದಿದ್ದರೆ ಆಗಲೂ ಹೇಳಬಹುದು.

ನಿನ್ನ ತಂಗಿ


ಅಕ್ಟೋಬರ್ ೧೨

ತಂಗೀ,

ನಿನ್ನ ವಿಳಾಸ ಗುಡಿಸುವವಳ ಹತ್ತಿರ ಇತ್ತು. ಅವಳಿಗೆ ಕೊಟ್ಟು ಹೋಗಿದ್ದೀಯ, ನನಗಿಲ್ಲ. ಆಯ್ತು. ಈ ಸಲ ನಿಜವಾದ ಪೋಸ್ಟ್‌ಮ್ಯಾನು ಬರ್ತಾನೆ. ಅವಳಿಗೆ ಬೇಜಾರು, ನನ್ನ ಕೆಲಸ ಹೋಯ್ತು ಅಂತಾಳೆ.

ಗಿಡ ಇದೆ. ನಾಲ್ಕು ಎಲೆ. ನೀನು ಹೇಳಿದ ಹಾಗೇ ಬೆರಳು ಹಾಕಿ ನೋಡ್ತೀನಿ. ಲಾಂಡ್ರಿಯಲ್ಲಿ ಚಾದರದ ತೇವ ನೋಡೋಕೆ ಕೆನ್ನೆಗೆ ಒತ್ತಿ ನೋಡ್ತಿದ್ದೆವು. ಮಣ್ಣಿಗೆ ಕೆನ್ನೆ ಒತ್ತೋಕಾಗಲ್ಲವಲ್ಲ. ನೀರು ಹಾಕಿದರೆ ತಳದಿಂದ ಜಲಜಲ ಇಳಿದು ಕೆಳಗಿನ ದರ್ಜಿ ಅಂಗಡಿ ಮುಂದೆ ಕಟ್ಟಿರೋ ಬಟ್ಟೆಯ ಮೇಲ್ಛಾವಣಿಗೆ ಬೀಳುತ್ತೆ. ಅವನು ಹತ್ತಿ ಬಂದು ಜಗಳ ಆಡಿದ. ನೀರು ಕೆಳಕ್ಕೇ ಬೀಳೋದು ಕಣಯ್ಯಾ, ನಿನ್ನನ್ನ ಕೇಳಿ ಮೇಲಕ್ಕೆ ಹೋಗುತ್ತಾ ಅಂದೆ. ಅವನ ಹೆಂಡತಿ ನಕ್ಕಳು, ಅಲ್ಲಿಗೆ ಮುಗೀತು.

ಮೇಲಿನ ಮನೆಗೆ ಹೊಸಬರು ಬಂದಿದ್ದಾರೆ. ಗಂಡ ಹೆಂಡತಿ. ಇದ್ದಲ್ಲೇ ಓಡೋ ಒಂದು 
ಮೆಷೀನು ತಂದಿದ್ದಾರೆ. ಬೆಳಗ್ಗೆ ಧಡ ಧಡ ಧಡ ಧಡ ಓಡ್ತಾರೆ, ಎಲ್ಲಿಗೂ ಹೋಗೋಲ್ಲ. ಒಳ್ಳೆಯವರೇ. ಮೆಟ್ಟಿಲಲ್ಲಿ ಸಿಕ್ಕರೆ ನನ್ನ ಮುಖ ನೋಡಿ ಚೆನ್ನಾಗಿದ್ದೀರಾ ಅಂತಾರೆ. ಏನು ಹೇಳಬೇಕೋ ಗೊತ್ತಾಗೋಲ್ಲ, ಚಪ್ಪಲಿ ನೋಡಿಕೊಳ್ತೀನಿ. ಅವರದ್ದು ಒಂದು ಕುಂಡವೂ ಇಲ್ಲ. ತಗಡಿನ ದೋಣಿ ಒಣಗಿ ಅದರಲ್ಲಿ ಪಾರಿವಾಳ ಕೂರ್ತಿದೆ.

ನೀನಿದ್ದಾಗಲೂ ನಾವೇನೂ ಮಾತಾಡ್ತಿರಲಿಲ್ಲ. ಆದರೆ ಮಾತಾಡದೆ ಇರೋದಕ್ಕೂ ಎದುರಿಗೆ ಒಬ್ಬರು ಬೇಕು. ಈಗ ನಾನು ಯಾರ ಜೊತೆ ಮಾತು ಬಿಟ್ಟಿದ್ದೀನಿ ಅಂತ ಕೇಳಿದರೆ ಹೇಳೋಕೆ ಯಾರೂ ಇಲ್ಲ. ಮೊನ್ನೆ ಅಂಗಡಿಯಲ್ಲಿ ಬ್ರೆಡ್ಡು ಕೇಳಿದಾಗ ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸ್ತು. ಯೋಚಿಸಿ ನೋಡಿದರೆ ಅದಕ್ಕೆ ಹಿಂದಿನ ದಿನ ನಾನು ಬಾಯೇ ತೆರೆದಿರಲಿಲ್ಲ.

ನಿನಗೆ ಅಲ್ಲಿ ಎಲ್ಲಾ ಅನುಕೂಲ ಇದೆ ತಾನೆ? ನೆಲ ಜಾರುತ್ತಾ? ಸ್ನಾನದ ಮನೆಯಲ್ಲಿ ಹಿಡಕೊಳ್ಳೋಕೆ ಏನಾದರೂ ಇದೆಯಾ? ಹೀಗೆ ಕೇಳೋದು ಬಾಯಿ ಹಾಕಿದ ಹಾಗಲ್ಲ.

ಕೆಳಗಿನ ಮನೆ


ನವೆಂಬರ್ ೨

ಅಕ್ಕನಿಗೆ,

ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಹಿಡಿ ಇದೆ. ನೆಲ ಜಾರುವುದಿಲ್ಲ. ಕೋಣೆಗೆ ಎರಡು ಕಿಟಕಿ. ಮಗಳು, ಅಳಿಯ ಇಬ್ಬರೂ ಚಿನ್ನದಂಥವರು. ಯಾರೂ ದನಿ ಎತ್ತುವುದಿಲ್ಲ. ಎಲ್ಲಿ ಕೂರಲಿ ಎಂದರೆ ನಿಮ್ಮಿಷ್ಟ ಅಮ್ಮ ಅನ್ನುತ್ತಾರೆ. ಊಟಕ್ಕೇನು ಮಾಡಲಿ ಎಂದರೆ ನಿಮ್ಮಿಷ್ಟ. ಹೊರಗೆ ಹೋಗಿ ಬರಲೇ ಎಂದರೂ ನಿಮ್ಮಿಷ್ಟ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೆ ಆ ಎರಡು ಕಿಟಕಿಗಳಲ್ಲಿ ಯಾವುದರ ಹತ್ತಿರ ಕೂರುವುದೂ ನನ್ನಿಷ್ಟ.

ಅಕ್ಕ, ಒಂದು ಮಾತು. ಜೂನ್‌ನಲ್ಲಿ ನೀನು ಏನು ಹೇಳುತ್ತೀಯ ಎಂದು ಕೇಳಿದೆನಲ್ಲ, ನೀನು ಬಯ್ಯುತ್ತೀಯ ಎಂದುಕೊಂಡೇ ಕೇಳಿದ್ದೆ. ಬಯ್ಯಲಿ ಎಂದು ಕೇಳಿದ್ದೆ. ಮೂರು ವಾರ ಗುಡಿಸುವವಳ ಕೈ ನೋಡಿದೆ. ಕೊನೆಗೆ ನೀನು, ನಿನ್ನಿಷ್ಟ ಎಂದು ಬರೆದೆ. ನೀನು ಯಾರಿಗೂ ಯಾವತ್ತೂ ಅನ್ನದ ಮಾತು ಅದು. ಇವಳಿಗೆ ನಾನು ಇನ್ನು ಬೇಕಿಲ್ಲ ಎಂದುಕೊಂಡು ಓನರಿಗೆ ಫೋನು ಮಾಡಿದೆ.

ಹೊರಟ ದಿನ ನಿನ್ನ ಬಾಗಿಲ ಮುಂದೆ ನಿಂತೆ. ಮಗಳು ಕೆಳಗಿನಿಂದ ಕರೆಯುತ್ತಿದ್ದಳು. ನೀನು ಬಾಗಿಲ ಹಿಂದೆಯೇ ಇದ್ದೆ, ಮಂಡಿ ನೋಯುವಾಗ ನೀನು ಬಿಡುವ ಉಸಿರು ನನಗೆ ಗೊತ್ತು. ಎಲ್ಲಿಗೂ ಹೋಗಬೇಡ, ಬಾಯಿ ಮುಚ್ಚಿಕೊಂಡು ಇಲ್ಲೇ ಬಿದ್ದಿರು ಎಂದು ಒಂದು ಸಲ ಒಳಗಿನಿಂದಲೇ ಕೂಗಿದ್ದರೂ ಚೀಲ ಅಲ್ಲೇ ಇಳಿಸಿಬಿಡುತ್ತಿದ್ದೆ.

ಅಣ್ಣನ ವಿಷಯ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದದ್ದು ನಿಜ. ಬಂದು ಕೂತ ಮೇಲೆ ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಇವತ್ತು ಅಕ್ಕ ಯಾರಿಗೆ ಬಯ್ದಳು ಎಂದು. ನಾನು ನಿನ್ನ ಹಾಗೇ ಬಯ್ದು ತೋರಿಸಬೇಕು, ಅವನು ಹೊಟ್ಟೆ ಹಿಡಿದುಕೊಂಡು ನಗಬೇಕು. ನಿನ್ನ ದನಿ ಜೋರಾಗಿ ಕೇಳಿಸಿದರೆ ಮಾತು ನಿಲ್ಲಿಸಿ ನೆಲಕ್ಕೆ ಕಿವಿ ಕೊಡುತ್ತಿದ್ದ. ಆ ದಿನ ಆಸ್ಪತ್ರೆಯಲ್ಲಿ ನಾನು ಇದನ್ನು ಹೇಳಬೇಕಿತ್ತು. ಬೇರೆಯದನ್ನು ಹೇಳಿದೆ.

ಈಗ ಬರೆದು ಏನು ಪ್ರಯೋಜನ, ಮನೆ ಬಿಟ್ಟುಕೊಟ್ಟಾಯಿತು. ಸುಮ್ಮನೆ ನಿನಗೆ ಗೊತ್ತಿರಲಿ ಎಂದು ಬರೆದೆ.

ನಿನ್ನ ತಂಗಿ


ನವೆಂಬರ್ ೭

ಚಿಕ್ಕವಳೇ,

ನಿನ್ನ ಕಾಗದ ನಿನ್ನೆ ಬಂತು. ತಮ್ಮನ ಬಗ್ಗೆ ಬರೆದ ಸಾಲುಗಳನ್ನ ಎಷ್ಟು ಸಲ ಓದಿದೆ ಅಂತ ಕೇಳಬೇಡ. ಕನ್ನಡಕ ತೆಗೆದು ಒರೆಸಿ ಒರೆಸಿ ಸಾಕಾಯ್ತು. ನಾನು ಬಯ್ಯೋ ಹಾಗೆ ಬಯ್ದು ತೋರಿಸ್ತಿದ್ದೆಯಾ ನೀನು? ಎದುರಿಗಿದ್ದಿದ್ದರೆ ಕಿವಿ ಹಿಂಡ್ತಿದ್ದೆ.

ಈಗ ಹೇಳೋದನ್ನ ಗಮನ ಇಟ್ಟು ಓದು. ಇದು ಕೇಳ್ತಾ ಇರೋದಲ್ಲ, ಹೇಳ್ತಾ ಇರೋದು.

ಈ ಕಾಗದ ಕೈಗೆ ಸಿಕ್ಕ ವಾರವೇ ಹೊರಟು ಬಾ. ಮೇಲಿನ ಮನೆ ಹೋದರೆ ಹೋಗಲಿ, ಅಲ್ಲಿ ಓಡೋರು ಓಡಲಿ. ನೀನು ಬರೋದು ನನ್ನ ಮನೆಗೆ. ಇಸ್ತ್ರಿ ಮೇಜು ಇಟ್ಟಿದ್ದ ಕೋಣೆ ಇದೆಯಲ್ಲ, ಬೆಳಗ್ಗೆ ಗುಡಿಸುವವಳನ್ನೂ ಕೆಳಗಿನ ದರ್ಜಿಯನ್ನೂ ಕರೆದು ಆ ಮೇಜು ಎತ್ತಿಸಿ ಹೊರಗೆ ಹಾಕಿಸಿದೆ. ಅರ್ಧ ದಾರಿಯಲ್ಲಿ ಅದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ದರ್ಜಿ ಕಾಲು ಬಿಚ್ಚೋಣ ಅಂದ, ನಾನು ಓರೆ ಮಾಡು ಅಂದೆ, ಗುಡಿಸುವವಳು ಇಬ್ಬರೂ ಸುಮ್ಮನಿರಿ ಅಂದಳು. ಕೊನೆಗೆ ಕಾಲು ಬಿಚ್ಚಿಯೇ ತೆಗೆದರು. ಈಗ ಅಲ್ಲಿ ಮಂಚ ಇದೆ. ಚಾದರ ಹಾಕಿದ್ದೀನಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಹೋಟೆಲ್ಲಿನವರೂ ಅಂಥದ್ದು ಕಂಡಿರಲಿಕ್ಕಿಲ್ಲ.

ಹತ್ತೋಕೆ ಎರಡೇ ಮಹಡಿ. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಸ್ತೀನಿ, ಕೂತು ಸುಧಾರಿಸಿಕೊಂಡು ಹತ್ತು. ಬಿದ್ದರೆ ನೋಡುವವರು ಯಾರು ಅಂತ ನಿನ್ನ ಮಗಳು ಕೇಳಿದರೆ ದೊಡ್ಡಮ್ಮ ಅನ್ನು. ದೊಡ್ಡಮ್ಮನಿಗೇ ಮಂಡಿ ನೋವು ಅಂದರೆ, ಇಬ್ಬರೂ ಒಟ್ಟಿಗೆ ಬೀಳ್ತೀವಿ ಬಿಡು ಅನ್ನು. ಅವಳೇ ಕಾರಿನಲ್ಲಿ ಕರಕೊಂಡು ಬರಲಿ. ಬಂದು ಕೂತು ಟೀ ಕುಡಿದು ಹೋಗಲಿ, ಬಾಗಿಲಲ್ಲೇ ನಿಂತು ಹೋಗೋದು ಬೇಡ.

ನನ್ನ ಮನೇಲಿ ಹೇಗಿರಬೇಕು ಅಂತಲೂ ಹೇಳಿಬಿಡ್ತೀನಿ. ಬೆಕ್ಕಿನ ಹಾಗೆ ಓಡಾಡಬಾರದು, ಸದ್ದಾಗಬೇಕು. ಹೊರಗೆ ಹೋದರೆ ಹೇಳಿ ಹೋಗಬೇಕು. ನಾನು ತಪ್ಪು ಹೇಳಿದರೆ ಅಲ್ಲೇ ತಪ್ಪು ಅನ್ನಬೇಕು. ಬಯ್ತೀನಿ, ಬಯ್ಸಿಕೋ. ಗೊತ್ತಿದ್ದೂ ಗೊತ್ತಿದ್ದೂ ತಲೆ ಆಡಿಸಿದರೆ ಮಾತ್ರ ನಾನು ಸುಮ್ಮನಿರೋಳಲ್ಲ. ಮಾತು ಬಿಟ್ಟಿರೋದನ್ನ ಮುಂದುವರಿಸಬೇಕೋ ಬೇಡವೋ ಅನ್ನೋದನ್ನ ನೀನು ಬಂದ ಮೇಲೆ ಕೂತು ತೀರ್ಮಾನ ಮಾಡೋಣ.

ಗಿಡದ ಎಲೆ ಎರಡು ಬಾಡಿದವು. ಚಳಿಗೋ, ನನ್ನ ಕೈಗುಣಕ್ಕೋ, ನೀನೇ ಬಂದು ನೋಡು.

ಇಷ್ಟು ಬರೆದು ಮಡಿಸಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಮಗಳನ್ನ ಬಿಟ್ಟು ಬರೋದು ಕಷ್ಟವಾದರೆ ಬೇಡ, ನಿನ್ನಿಷ್ಟ, ಅಂತ ಕೆಳಗೊಂದು ಸಾಲು ಸೇರಿಸೋಣ ಅಂದುಕೊಂಡೆ. ಪೆನ್ನು ಹಿಡಕೊಂಡು ಬಹಳ ಹೊತ್ತು ಕೂತೆ.

ಸೇರಿಸೋಲ್ಲ. ಬಾ.

ಅಕ್ಕ